ನವರಾತ್ರಿ ಕಳೆದು ಬರಬೇಕಿದ್ದ ಸೈನ್

ಎಪ್ಪತ್ತರ ದಶಕದ ಕೊನೆಗೆ ನಾನು ಕಾಪುವಿನಲ್ಲಿ ಹತ್ತನೆಯ ತರಗತಿ ಮುಗಿಸಿ ಉಡುಪಿಯ ಕಾಲೇಜಿಗೆ ಪಿಯುಸಿ ವಿಜ್ಞಾನಕ್ಕೆ ಸೇರಿದೆ. ಹತ್ತನೆಯಲ್ಲಿ ನಮಗೆ ಗಣಿತದ ಮಾಸ್ಟ್ರೇ ಇರಲಿಲ್ಲ. ವರ್ಗವಾಗಿ ಹೋದವರ ಜಾಗಕ್ಕೆ ಯಾರೂ ಬಾರದೆ, ಡ್ರಾಯಿಂಗ್ ಮಾಸ್ಟ್ರು ಆ ಪಾಠವನ್ನೂ ಮಾಡಿದರು. ಅವರಿಗೆ ಒಲಿದದ್ದು ರೇಖಾಗಣಿತ. ವರ್ಷವಿಡೀ ಕೈವಾರ, ಕೋನಮಾಪಕ; ಪೆನ್ಸಿಲಿನ ಮೊನೆ ಮೊಂಡಾಗಿದ್ದರೆ ಹೊರಗೆ ನಿಲ್ಲಿಸುತ್ತಿದ್ದರು. ಸೈನ್, ಕಾಸ್ ಎಲ್ಲ ಬರುವ ತ್ರಿಕೋನಮಿತಿಯನ್ನು ಮಾತ್ರ, "ಮನೆಯಲ್ಲಿ ಓದಿಕೊಳ್ಳಿ" ಎಂದು ದಾಟಿಸಿಬಿಟ್ಟರು.

ಕಾಲೇಜಿನ ಭೌತಶಾಸ್ತ್ರದ ಲೆಕ್ಚರರು ಬಂದವರೇ ಒಂದು ಬಲವನ್ನು ಎರಡಾಗಿ ಒಡೆದು, ಒಂದರ ಪಕ್ಕ ಸೈನ್, ಇನ್ನೊಂದರ ಪಕ್ಕ ಕಾಸ್ ಎಂದು ಬರೆದರು. ಪಕ್ಕದಲ್ಲಿದ್ದ ಕಾರ್ಕಳದ ಹುಡುಗಿಯನ್ನು ಮೊಣಕೈಯಿಂದ ತಿವಿದೆ.

"ಅದೆಂತದು?"

"ನನ್ನನ್ನು ಕೇಳ್ತೀಯಲ್ಲ ಮಾರಾಯ್ತಿ! ನಾನು ಅವರ ಅಂಗಿಯ ಗುಂಡಿ ನೋಡ್ತಾ ಕೂತಿದ್ದೇನೆ."

ಗಣಿತದ ಲೆಕ್ಚರರನ್ನು ಕೇಳಿದರೆ, "ಅದು ನವರಾತ್ರಿ ರಜೆ ಕಳೆದು ಬರ್ತದೆ. ಈಗ ಎಂತ ಅರ್ಜೆಂಟ್?" ಎಂದರು. ಭೌತಶಾಸ್ತ್ರದವರು, "ಗಣಿತ ಕಲಿಸುವುದು ನನ್ನ ಕೆಲಸ ಅಲ್ಲ" ಎಂದರು.

ಅರ್ಜೆಂಟ್ ನನಗಿತ್ತು. ಮೀನಿನ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುತ್ತಿದ್ದ ಅಪ್ಪನಿಗೆ ನಾನು ಕಾಮರ್ಸ್ ಓದಬೇಕೆಂದಿತ್ತು. "ಮೊದಲ ಟೆಸ್ಟಿನಲ್ಲಿ ಪಾಸಾದರೆ ಸೈನ್ಸಿನಲ್ಲೇ ಇರು. ಇಲ್ಲದಿದ್ದರೆ ನಾನೇ ಬಂದು ಬದಲಾಯಿಸ್ತೇನೆ" ಎಂದಿದ್ದರು. ಊಟಕ್ಕೆ ಕೂತರೆ ಬಟ್ಟಲಿನ ಗಂಜಿ ಹಾಗೆಯೇ ಆರುತ್ತಿತ್ತು. ಬಸ್ಸಿನಲ್ಲಿ ಕಟಪಾಡಿ ದಾಟಿದ್ದೂ ತಿಳಿಯುತ್ತಿರಲಿಲ್ಲ.

ನವರಾತ್ರಿಗೆ ಮೊದಲೇ ನಡೆದ ಭೌತಶಾಸ್ತ್ರದ ಟೆಸ್ಟಿನಲ್ಲಿ ಅದೇ ಬಂತು: ಇಳಿಜಾರು ಹಲಗೆಯ ಮೇಲೊಂದು ಪೆಟ್ಟಿಗೆ, ಅದರ ತೂಕವನ್ನು ಒಡೆಯಬೇಕು. ಸೈನ್ ಗೊತ್ತಿಲ್ಲದ ನಾನು ಉತ್ತರಪತ್ರಿಕೆಯಲ್ಲೇ ಹಲಗೆಯನ್ನು ಅಳತೆಗೆ ಸರಿಯಾಗಿ ಎಳೆದೆ. ತೂಕಕ್ಕೊಂದು ಗೆರೆ, ಅದರ ತುದಿಯಿಂದ ಹಲಗೆಗೊಂದು ಲಂಬ. ಸ್ಕೇಲಿಟ್ಟು ಅಳೆದು ಉತ್ತರ ಬರೆದೆ.

ಪತ್ರಿಕೆ ಹಂಚುವ ದಿನ ಲೆಕ್ಚರರು ನನ್ನದನ್ನು ಎತ್ತಿ ಹಿಡಿದರು. "ಇದು ಫಿಸಿಕ್ಸ್ ಟೆಸ್ಟಾ, ಡ್ರಾಯಿಂಗ್ ಪರೀಕ್ಷೆಯಾ?"

ತರಗತಿ ನಕ್ಕಿತು. ನಾನು ಎದ್ದು ನಿಂತೆ. "ಸರ್, ಉತ್ತರ ತಪ್ಪುಂಟಾ?"

"ಸರಿ ಉಂಟು. ಅದೇ ತಾಪತ್ರಯ. ಸೊನ್ನೆ ಕೊಡ್ಲಿಕ್ಕೂ ಆಗುವುದಿಲ್ಲ."

ಆ ಪ್ರಶ್ನೆಗೆ ಅರ್ಧದಷ್ಟು ಅಂಕ ಕೊಟ್ಟಿದ್ದರು. ಅಷ್ಟರಿಂದಲೇ ಪಾಸಾದೆ. ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅವರು ಕರಿಹಲಗೆ ಒರೆಸಿ, ವೇಗಕ್ಕೆ 'ಡಿ ಬೈ ಡಿಟಿ' ಎಂಬ ಇನ್ನೊಂದು ಹೊಸ ಗಣಿತ ಬರೆದಾಗಿತ್ತು. ಗಣಿತದವರಲ್ಲಿ ಹೋಗಿ ಕೇಳಿದೆ. "ಅದಾ? ಅದು ಬರುವ ವರ್ಷ" ಎಂದರು.

ಸಂಜೆ ಅಪ್ಪ ಅಂಕ ನೋಡಿ, "ಪಾಸಲ್ವಾ? ಮತ್ತೆಂತ ಮುಖ ಸಣ್ಣ ಮಾಡಿದ್ದು?" ಎಂದರು. ಕಾರ್ಕಳದ ಆ ಗೆಳತಿಯ ಅಣ್ಣ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ; ಆದಿತ್ಯವಾರ ಮನೆಗೆ ಬರುತ್ತಾನೆಂದು ಅವಳು ಹೇಳಿದ್ದಳು. ಅವನಲ್ಲಿ ಈ ಹೊಸ ಗಣಿತದ ಪಾಠ ಹೇಳಿಸಿಕೊಳ್ಳಲು ಕಾರ್ಕಳಕ್ಕೆ ಹೋಗಿ ಬರಲೇ ಎಂದು ಕೇಳಿದೆ.

ಅಪ್ಪ ಉತ್ತರಪತ್ರಿಕೆಯ ಅಂಕವನ್ನು ಇನ್ನೊಮ್ಮೆ ನೋಡಿದರು. "ಪಾಸಾದ ಮೇಲೂ ಪಾಠಕ್ಕೆಂದು ಓಡಾಟವಾ?"