ಕತ್ತರಿ ಮಾವ ಬರೆದ ಹಿಂದಲೆಗಳು

ಬೀದಿಯ ಕಟಿಂಗ್ ಅಂಗಡಿಯವನನ್ನು ಎಲ್ಲರೂ ಕತ್ತರಿ ಮಾವ ಎಂದೇ ಕರೆಯುವುದು. ಅವನ ಕೈಗೂ ಬಿಡುವಿಲ್ಲ, ಬಾಯಿಗೂ ಇಲ್ಲ. ಎರಡರಲ್ಲಿ ಯಾವುದು ಹೆಚ್ಚು ಹರಿತ ಎಂಬುದು ಗಿರಾಕಿಗಳ ಕಿವಿಗೇ ಗೊತ್ತು.

ಬೀದಿಯ ಸಂಘದವರು ‘ಎಲ್ಲರೂ ಸಮಾನರು’ ಎಂಬ ವಿಷಯದ ಮೇಲೆ ಚಿತ್ರಸ್ಪರ್ಧೆ ಇಟ್ಟರು. ಯಾರು ಬೇಕಾದರೂ ಬರೆಯಬಹುದು, ಬಂದದ್ದನ್ನೆಲ್ಲ ಸಂಘದ ಸಭಾಂಗಣದಲ್ಲಿ ತೂಗುಹಾಕುತ್ತಾರೆ. ಆ ಸಭಾಂಗಣದ ಕಸ ಗುಡಿಸಿ ಕುರ್ಚಿ ಒರೆಸುವವಳು ಮಾವನ ಹೆಂಡತಿ. ಒರೆಸಬಹುದು, ಕೂರುವಂತಿಲ್ಲ. ಹಾಗಂತ ಬೋರ್ಡೇನೂ ಇರಲಿಲ್ಲ. ಸಭೆ ನಡೆಯುವಾಗ ಕೆಲಸದವರು ಬಾಗಿಲ ಹತ್ತಿರ ನಿಂತಿರುವುದು ವಾಡಿಕೆ, ಅಷ್ಟೇ. ಸಮಾನತೆಯ ಮೇಲೆ ಭಾಷಣವಾದ ದಿನವೂ ಅವಳು ನಿಂತೇ ಚಪ್ಪಾಳೆ ತಟ್ಟಿದ್ದಳು.

ಮಾವನಿಗೆ ಅದು ಗಂಟಲಲ್ಲಿ ಸಿಕ್ಕ ಮುಳ್ಳು. “ಈ ಸಲ ನಿನ್ನನ್ನ ಮುಂದಿನ ಸಾಲಲ್ಲೇ ಕೂರಿಸ್ತೀನಿ, ನೋಡ್ತಿರು” ಅಂದ.

“ಎಲ್ಲಿ, ಕಾಗದದ ಮೇಲಾ? ಅಲ್ಲಿ ಕೂತರೆ ನನ್ನ ಮಂಡಿನೋವು ಹೋಗುತ್ತಾ?”

ಮಾವ ಹಟ ಬಿಡಲಿಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗಲೆಲ್ಲ ಕೂತು ಬರೆದ. ಸಭಾಂಗಣ, ಸಾಲುಸಾಲು ಕುರ್ಚಿ, ಕುರ್ಚಿ ತುಂಬ ಜನ. ಮುಗಿದ ದಿನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

“ಅಲ್ರೀ, ಇಷ್ಟೊಂದು ಜನ ಇದ್ದಾರೆ, ಒಬ್ಬರಿಗೂ ಮುಖಾನೇ ಇಲ್ವಲ್ಲ!”

ಮಾವನಿಗೆ ಅರಿವಾದದ್ದು ಆಗಲೇ. ಜನ್ಮವಿಡೀ ಇನ್ನೊಬ್ಬರ ಹಿಂದೆ ನಿಂತ ಕೈ ತನಗೆ ಗೊತ್ತಿದ್ದನ್ನೇ ಬರೆದುಬಿಟ್ಟಿತ್ತು: ಬರೀ ಹಿಂದಲೆ. ಕನ್ನಡಿಯಲ್ಲಿ ಮುಖ ಕಾಣುವುದಿಲ್ಲವೇ ಎಂದರೆ, ಮುಖ ನೋಡುತ್ತ ಕತ್ತರಿ ಆಡಿಸಿದರೆ ಕಿವಿ ಉಳಿಯಬೇಕಲ್ಲ! ತಿದ್ದಲು ಹೊತ್ತಿರಲಿಲ್ಲ, ಹಾಗೇ ಕೊಟ್ಟು ಬಂದ.

ಬಹುಮಾನದ ದಿನ ಜನ ಮೊದಲು ಮುಸಿಮುಸಿ ನಕ್ಕರು. ಅಷ್ಟರಲ್ಲಿ ದಿನಾ ಮಾವನ ಅಂಗಡಿ ಮುಂದೆ ಹಾದುಹೋಗುವ ಟೈಲರ್ ಅಕ್ಕ ಕೂಗಿದಳು, “ಅಯ್ಯೋ, ಈ ಸೊಟ್ಟ ಜಡೆ ನಂದು!” ಶುರುವಾಯಿತು ನೋಡಿ, ಎಲ್ಲರೂ ತಮ್ಮತಮ್ಮ ತಲೆ ಹುಡುಕುವವರೇ. ಬೇಕರಿಯವನು ತನ್ನ ಜೋಡಿ ಸುಳಿಯನ್ನು ಮುಟ್ಟಿ ಮುಟ್ಟಿ ತಾಳೆ ನೋಡಿದ. ಸಂಘದ ಅಧ್ಯಕ್ಷರಿಗೆ ತಮ್ಮ ಬೋಳುತಲೆ ಮೂರನೇ ಸಾಲಿನಲ್ಲಿ ಸಿಕ್ಕಿತು.

“ಏನಯ್ಯಾ, ನನ್ನನ್ನ ಇಷ್ಟು ಹಿಂದೆ ತಳ್ಳಿದ್ದೀಯ! ಮುಂದಿರೋ ಈ ತುರುಬು ಯಾರದು?”

“ನನ್ನ ಹೆಂಡತೀದು ಸಾರ್. ನೀವು ಮುಂದೆ ಕೂತರೆ ಹಿಂದಿನವರಿಗೆ ಕಣ್ಣು ಕುಕ್ಕುತ್ತೆ.”

ಸಭಾಂಗಣ ಗೊಳ್ಳೆಂದಿತು. ಅಧ್ಯಕ್ಷರು ತಲೆ ಸವರಿಕೊಂಡು, ತಡವಾಗಿಯಾದರೂ ನಕ್ಕರು. ಟೈಲರ್ ಅಕ್ಕ ಬಾಗಿಲಿಗೆ ಹೋಗಿ ಮಾವನ ಹೆಂಡತಿಯ ಕೈ ಹಿಡಿದೆಳೆದಳು.

“ಬಾರೇ! ಚಿತ್ರದಲ್ಲಿ ನನ್ನ ಪಕ್ಕ ಇರೋಳು ನೀನು. ನೀನು ಇಲ್ಲೇ ನಿಂತರೆ ನಾನು ಯಾರ ಹತ್ರ ಗುಸುಗುಸು ಅನ್ನಲಿ?”

ಅವಳು ಅಳುಕುತ್ತ ಅಧ್ಯಕ್ಷರ ಕಡೆ ನೋಡಿದಳು.

“ಕೂತ್ಕೊಳ್ಳಮ್ಮ. ಹೇಗೂ ನಿನ್ನ ಗಂಡ ಬರೆದಾಗಿದೆಯಲ್ಲ” ಎಂದು ಅಧ್ಯಕ್ಷರು ಮುಂದಿನ ಸಾಲು ಬಿಟ್ಟು ಮೂರನೆಯದಕ್ಕೆ ನಡೆದರು. ಅವಳು ಅಭ್ಯಾಸಬಲದಿಂದ ಕುರ್ಚಿಯನ್ನು ಸೆರಗಿನಲ್ಲಿ ಒರೆಸಿ, ಆಮೇಲೆ ಕೂತಳು.

ಮೊದಲ ಬಹುಮಾನ ಒಂದು ಪಾರಿವಾಳದ ಚಿತ್ರಕ್ಕೆ ಹೋಯಿತು. ಮಾವನಿಗೆ ಸಿಕ್ಕಿದ್ದು ಸಮಾಧಾನಕರ ಬಹುಮಾನ. ವೇದಿಕೆ ಹತ್ತಿ ಇತ್ತ ತಿರುಗಿದವನಿಗೆ ದಿಗಿಲಾಯಿತು. ಎದುರಿಗೆ ಬರೀ ಮುಖಗಳು, ಯಾರು ಯಾರೆಂದೇ ತಿಳಿಯದು! ಮುಂದಿನ ಸಾಲಿನವಳೊಬ್ಬಳು ಮಾತ್ರ ಗುರುತು ಸಿಕ್ಕಳು. ಕಾಲು ಚಾಚಿ ಆರಾಮಾಗಿ ಕೂತು, ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದೀರಿ ಎಂದು ಕಣ್ಣಲ್ಲೇ ಗದರಿಸುತ್ತಿದ್ದಳು.