ಗೇಟಿನ ಬಳಿ ಗಟ್ಟಿಯಾಗಿ ಓದುತ್ತಿದ್ದ ಮೇಡಂ

ಕನ್ನಡಕವನ್ನು ಹಣೆಗೇರಿಸಿ, ಮೊಬೈಲನ್ನು ಕೈಚಾಚಿ ದೂರಕ್ಕೆ ಹಿಡಿದು, ಸುಮಿತ್ರಾ ಮೇಡಂ ಬೇರೆಯವರು ವಾಟ್ಸಾಪಿನಲ್ಲಿ ಹಾಕಲು ಬರೆದು ತಂದ ಪೋಸ್ಟುಗಳನ್ನು ತಮ್ಮ ಗೇಟಿನ ಬಳಿ ನಿಂತು ಗಟ್ಟಿಯಾಗಿ ಓದುತ್ತಿದ್ದರು. ಬಸವೇಶ್ವರನಗರದ ನಮ್ಮ ಬೀದಿಯ ಕೊನೆಯವರೆಗೂ ಕೇಳಿಸುವ ದನಿ ಅದು. ಓದುತ್ತಿದ್ದದ್ದು ಎದುರುಮನೆ ನಾಗರತ್ನಾ ಆಂಟಿಗೆ. ಬೆಳಿಗ್ಗೆ ಆಂಟಿ ಕೇಳಿಸಿಕೊಂಡದ್ದು ಸಂಜೆಯೊಳಗೆ ಮುಂದಿನ ಕ್ರಾಸ್ ಮುಟ್ಟಿದರೆ ಪೋಸ್ಟ್ ಪಾಸ್. ಆಂಟಿ ಸೊಪ್ಪು ಬಿಡಿಸುತ್ತಾ ಸುಮ್ಮನಿದ್ದರೆ ಫೇಲ್.

ಕಾರ್ಖಾನೆಯೊಂದರಲ್ಲಿ ಪಿ.ಆರ್.ಓ. ಆಗಿದ್ದು ನಿವೃತ್ತರಾದವರು ಮೇಡಂ. ಬೀದಿಯ ಆಡಿಟರಿಗೆ, ವಕೀಲರಿಗೆ, ಹಲ್ಲಿನ ಡಾಕ್ಟರಾದ ನನಗೆ ಪ್ರಚಾರದ ಬಗ್ಗೆ ಬಿಟ್ಟಿ ಸಲಹೆ ಕೊಡುತ್ತಿದ್ದರು. ಜೊತೆಗೆ ಫಿಲ್ಟರ್ ಕಾಫಿ, ಬೈಗುಳ. ಆಡಿಟರು ಒಮ್ಮೆ 'ನಿಮ್ಮ ಆರ್ಥಿಕ ಪಯಣದ ನೆಚ್ಚಿನ ಜೊತೆಗಾರ' ಎಂದು ಬರೆದು ತಂದಾಗ, "ರೀ, ಇದೇನು ಹೆಣ್ಣು ನೋಡೋಕೆ ಹೊರಟಿದೀರಾ? ರಿಟರ್ನ್ಸ್ ತುಂಬಿಕೊಡ್ತೀನಿ ಅನ್ನಿ ಸಾಕು" ಎಂದು ವಾಪಸ್ ಕಳಿಸಿದ್ದರು.

ನನ್ನ ಕ್ಲಿನಿಕ್ ಹೊಸದು. ಎರಡು ರಸ್ತೆಯಾಚೆ ಫಳಫಳ ಹೊಳೆಯುವ ಇನ್ನೊಂದು ದಂತ ಚಿಕಿತ್ಸಾಲಯ ತೆರೆದಿತ್ತು. ಹೀಗೇ ಆದರೆ ಬಾಗಿಲು ಹಾಕಬೇಕಾಗುತ್ತದೆಂಬ ಹೆದರಿಕೆಯಲ್ಲಿ, ಹೊತ್ತಿಗೆ ಸರಿಯಾಗಿ ತಾನೇ ಪೋಸ್ಟ್ ಹಾಕುವ ಆ್ಯಪ್ ಒಂದನ್ನು ಮೇಡಂಗೆ ಹೇಳದೆ ಹಾಕಿಸಿಕೊಂಡೆ. ಒಂದು ಬೆಳಿಗ್ಗೆ ನಮ್ಮ ಬಡಾವಣೆ ಸಂಘದ ಅಧ್ಯಕ್ಷರು ತೀರಿಕೊಂಡ ಸುದ್ದಿ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಬಂತು. 'ಓಂ ಶಾಂತಿ'ಗಳ ಸಾಲಿನ ನಡುವೆ ನನ್ನ ಕ್ಲಿನಿಕ್ಕಿನ ಹೆಸರಲ್ಲಿ ಒಂದು ಸಾಲು ಧುಮುಕಿತು: 'ಇಂದು ನಗಲು ಒಳ್ಳೆಯ ದಿನ! ಹಲ್ಲು ಬಿಟ್ಟು ನಗಿ!'

ಆ ವಾರ ಬರಬೇಕಿದ್ದವರು ಒಬ್ಬೊಬ್ಬರಾಗಿ ಫೋನ್ ಮಾಡಿ, ಹಲ್ಲುನೋವು ಹೋಯಿತು ಎಂದರು. ನಾನು ಅಳುತ್ತಾ ಮೇಡಂ ಮನೆಗೆ ಓಡಿದೆ.

"ಡಿಲೀಟ್ ಮಾಡಿಬಿಡ್ಲಾ ಮೇಡಂ? ಉದ್ದಕ್ಕೆ ಒಂದು ಕ್ಷಮಾಪಣೆ ಬರೀಲಾ?"

"ಬರೆದ್ರೆ ನೋಡದೇ ಇದ್ದೋರೂ ಹುಡುಕ್ಕೊಂಡು ಹೋಗಿ ನೋಡ್ತಾರೆ ಕಣೇ. ಮುಖ ತೊಳ್ಕೊ. ಅವರ ಮನೆಗೆ ಹೋಗೋಣ ನಡಿ."

ಹೋದೆವು. ಅಧ್ಯಕ್ಷರ ಹೆಂಡತಿಯ ಮುಂದೆ ಹೋಗಿ ನಿಂತೆ. ಮೇಡಂ ಹಿಂದಿನಿಂದ ಮೊಣಕೈಯಲ್ಲಿ ತಿವಿದರು. "ತಪ್ಪಾಯ್ತು ಅಮ್ಮಾ" ಎಂದಷ್ಟೇ ಅಂದೆ. ಆಕೆ ನನ್ನ ಕೈ ಹಿಡಿದುಕೊಂಡು, "ಅವರಿದ್ದಿದ್ರೆ ಅದನ್ನ ಓದಿ ಹೊಟ್ಟೆ ಹಿಡ್ಕೊಂಡು ನಗ್ತಿದ್ರಮ್ಮ" ಎನ್ನುತ್ತಾ ಅಳುವಿನ ನಡುವೆಯೇ ನಕ್ಕುಬಿಟ್ಟರು. ನಾಗರತ್ನಾ ಆಂಟಿ ಅಲ್ಲೇ ಮೂಲೆಯಲ್ಲಿ ಕೂತಿದ್ದರು. ಮೇಡಂ ಅದನ್ನು ಒಳಗೆ ಬರುವಾಗಲೇ ನೋಡಿಕೊಂಡಿದ್ದರಂತೆ. ಮುಂದಿನ ವಾರ ಎಲ್ಲರ ಹಲ್ಲುನೋವೂ ವಾಪಸ್ ಬಂತು.

ಈ ಆಷಾಢದಲ್ಲಿ ಮೇಡಂ ಹೋಗಿಬಿಟ್ಟರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲೇ ಇಲ್ಲ. ಗ್ರೂಪಿನಲ್ಲಿ ಅವರ ಬಗ್ಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. 'ಮಾರ್ಗದರ್ಶಕಿ', 'ಸ್ಫೂರ್ತಿಯ ಸೆಲೆ' ಎಂದೆಲ್ಲ ಬರೆದು, ಮೇಡಂ ಮಾಡುತ್ತಿದ್ದಂತೆಯೇ ಅವರ ಗೇಟಿನ ಬಳಿ ಹೋಗಿ ನಾಗರತ್ನಾ ಆಂಟಿಗೆ ಗಟ್ಟಿಯಾಗಿ ಓದಿದೆ. ಆಂಟಿ ಸೊಪ್ಪು ಬಿಡಿಸುತ್ತಲೇ ಇದ್ದರು.

"ಇದು ಯಾರ ಬಗ್ಗೆನಮ್ಮಾ?" ಎಂದರು.

ಎಲ್ಲವನ್ನೂ ಅಳಿಸಿದೆ. ಅಲ್ಲೇ ನಿಂತು ಒಂದೇ ಸಾಲು ಬರೆದು ಓದಿದೆ: 'ನಮ್ಮ ಬೀದಿಯಲ್ಲಿ ಇನ್ನು ಗಟ್ಟಿಯಾಗಿ ಓದುವವರಿಲ್ಲ.' ಆಂಟಿಯ ಕೈ ನಿಂತಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಸೊಪ್ಪನ್ನು ಹಾಗೇ ಬಿಟ್ಟು ಎದ್ದು ಹೋದರು. ನನಗೂ ಮೊಬೈಲು ಮಂಜಾಯಿತು; ಹಾಗೇ ಕ್ಲಿನಿಕ್ಕಿಗೆ ಹೋದೆ.

ಸಂಜೆ ಮುಂದಿನ ಕ್ರಾಸಿನಲ್ಲಿ ಎಳನೀರಿನವನು ನನ್ನನ್ನು ನಿಲ್ಲಿಸಿದ.

"ಡಾಕ್ಟ್ರಮ್ಮಾ, ನಿಮ್ಮ ಬೀದೀಲಿ ಇನ್ಮೇಲೆ ಗಟ್ಟಿಯಾಗಿ ಓದೋರು ಯಾರೂ ಇಲ್ವಂತೆ?"

ನಾನು ಆ ಪೋಸ್ಟನ್ನು ಇನ್ನೂ ಹಾಕಿರಲೇ ಇಲ್ಲ.