ನದಿಯಿಲ್ಲದ ನಾಡಿನ ಪಾಠ

ಸರ್ವರಿ ಬೇಗಂ ಬೆಳೆದದ್ದು ಮಾನ್ವಿ ಪೇಟೆಯಲ್ಲಿ, ಬಟ್ಟೆ ಅಂಗಡಿಯ ಹಿಂದಿನ ಮನೆಯಲ್ಲಿ. ಹೊಲದ ಮಣ್ಣು ಅವಳ ಕಾಲಿಗೆ ಹತ್ತಿದ್ದೇ ಕಡಿಮೆ. ೧೯೭೮ರಲ್ಲಿ ರಾಯಚೂರಿನಲ್ಲಿ ಶಿಕ್ಷಕರ ತರಬೇತಿಗೆ ಸೇರಿದಾಗ ನಾನು ಅವಳ ಪಕ್ಕದ ಬೆಂಚಿನವಳು. ಅವಳ ತಂದೆ ಕುತುಬುದ್ದೀನ್ ಸಾಹೇಬರು ಒಂದು ಷರತ್ತು ಹಾಕಿದ್ದರು: ಪರೀಕ್ಷಕರೆದುರು ಮಕ್ಕಳಿಗೆ ಮಾಡುವ ಕೊನೆಯ ಪಾಠ ಪಾಸಾದರೆ ನೌಕರಿ, ಇಲ್ಲವಾದರೆ ಕವಿತಾಳದ ಸಂಬಂಧಕ್ಕೆ ಒಪ್ಪಿಗೆ.

ಪಾಠದ ವಿಷಯಕ್ಕೆ ಚೀಟಿ ಎತ್ತಿದಾಗ ಅವಳಿಗೆ ಬಂದದ್ದು ಮಾಲ್ಟಾ ದೇಶದ ನೆಲ ಮತ್ತು ಜನ. ಯುರೋಪಿನ ಕೆಳಗೆ, ಸಮುದ್ರದ ನಡುವೆ ಚೂರುಚೂರು ನೆಲ. ನಕ್ಷೆಯಲ್ಲಿ ಸಾಸಿವೆಯಷ್ಟು ಕಾಣುವುದನ್ನು ಮಕ್ಕಳಿಗೆ ತೋರಿಸಲೆಂದು ಹಲಗೆಯ ಮೇಲೆ ಮಣ್ಣಿನಲ್ಲಿ ಮಾಡಿದಳು. ಹತ್ತಿರದ ಮಟಮಾರಿ ಹಳ್ಳಿಯಿಂದ ತರಿಸಿದ ಎರೆಮಣ್ಣು ಹಸಿಯಿದ್ದಾಗ ಬೆಣ್ಣೆಯಂತೆ ಮಾತು ಕೇಳಿತು. ಕೊಲ್ಲಿಗಳನ್ನು ಬೆರಳಿನಿಂದ ತಿದ್ದುತ್ತ ಅವಳು ಊಟ ಮರೆತಳು.

ಪಾಠದ ದಿನ ಶಾಲೆಯಲ್ಲಿ ಮಾದರಿಗೆ ಹೊದಿಸಿದ್ದ ಬಟ್ಟೆ ಸರಿಸಿದರೆ ದ್ವೀಪದ ತುಂಬ ಬಿರುಕು. ರೈತರ ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕರು.

"ಎರಿಮಣ್ಣಾಗ ಮಾಡ್ಯಾರ ಬೇ, ಸೀಳದ ಬಿಡ್ತದೇನು?" ಎಂದಳು ಒಬ್ಬಳು.

ಇವೆಲ್ಲ ನದಿಗಳೇ ಎಂದು ಪರೀಕ್ಷಕ ಶಂಭುಲಿಂಗಪ್ಪನವರು ಹಿಂದಿನಿಂದ ಕೇಳಿದರು. ಅಲ್ಲ, ನನ್ನ ತಪ್ಪು ಎಂದಳು ಸರ್ವರಿ. ಆ ನಾಡಿನಲ್ಲಿ ನದಿಯೇ ಇಲ್ಲ, ಮಾಳಿಗೆಯ ಮೇಲಿನ ಮಳೆಯನ್ನು ಮನೆಯಡಿಯ ತೊಟ್ಟಿಗೆ ಇಳಿಸಿಕೊಂಡು ಬದುಕಿದವರು ಅಲ್ಲಿಯ ಜನ. ಇರುವ ಮೂರು ಲಕ್ಷ ಜನಕ್ಕೇ ನೆಲ ಇಕ್ಕಟ್ಟು, ಎಷ್ಟೋ ಮಂದಿ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದರು. ಹೇಳುತ್ತ ಹೇಳುತ್ತ ಅವಳ ದನಿ ಗಟ್ಟಿಯಾಯಿತು.

ದೇವದುರ್ಗದಿಂದ ಬಂದು ಹಾಸ್ಟೆಲಿನಲ್ಲಿದ್ದ ಆದೆಮ್ಮ ಎಂಬ ಹುಡುಗಿ ಎದ್ದು ನಿಂತಳು.

"ನೀರಿಲ್ಲದ ಊರಿಗೆ ಹೆಣ್ಣು ಯಾರ್ ಕೊಡ್ತಾರ್ರೀ ಟೀಚರ್?"

ಎಲ್ಲರೂ ನಕ್ಕರು. ಆದೆಮ್ಮ ನಗಲಿಲ್ಲ. "ಹಡಗು ಹತ್ತಿದೋರಾಗ ಹೆಣ್ಮಕ್ಳೂ ಇದ್ರೇನ್ರೀ? ಒಬ್ಬೊಬ್ರೇ?"

ಪುಸ್ತಕದಲ್ಲಿ ಜನಸಂಖ್ಯೆ ಇತ್ತು, ಇದು ಇರಲಿಲ್ಲ. ಸರ್ವರಿ ಪುಸ್ತಕ ಮುಚ್ಚಿದಳು.

"ನಂಗ ಗೊತ್ತಿಲ್ಲವ್ವಾ."

ಮಾದರಿ ಕೆಟ್ಟಿದೆ, ಗೊತ್ತಿಲ್ಲ ಎನ್ನುವವಳು ಶಿಕ್ಷಕಿಯಲ್ಲ ಎಂದು ಶಂಭುಲಿಂಗಪ್ಪನವರು ಫೇಲು ಮಾಡಿದರು. ಮಳೆಗಾಲಕ್ಕೆ ಮೊದಲೇ ಕವಿತಾಳದಲ್ಲಿ ನಿಕಾಹ್ ಆಯಿತು.

ನಾನು ಅದೇ ಶಾಲೆಯಲ್ಲಿ ಶಿಕ್ಷಕಿಯಾದೆ. ಮುಂದೊಂದು ಮಳೆಗಾಲ ಸರ್ವರಿಯನ್ನು ನೋಡಲು ಕವಿತಾಳಕ್ಕೆ ಹೋದಾಗ ಮಾಳಿಗೆಯ ನೀರು ಬೀಳುವಲ್ಲಿ ಕೊಡಗಳ ಸಾಲಿತ್ತು. ಬಾವಿ ಊರಾಚೆ. ಸೊಸೆ ಯಾವುದೋ ದೇಶದ ರೂಢಿ ತಂದಿದ್ದಾಳೆಂದು ಅತ್ತೆ ಖಾಸಿಂ ಬೀ ಹಂಗಿಸಿದರು. ಚಹಾ ಮಾತ್ರ ಅದೇ ನೀರಿನದು.

ಬಾಗಿಲವರೆಗೆ ಬಂದ ಸರ್ವರಿ ಆದೆಮ್ಮನ ಬಗ್ಗೆ ವಿಚಾರಿಸಿದಳು. ಶಾಲೆ ಬಿಡಿಸಿ ಲಗ್ನ ಮಾಡಿದರು ಎಂದೆ.

ಅವಳು ತುಂಬಿದ ಕೊಡವನ್ನು ಸರಿಸಿ ಖಾಲಿ ಕೊಡ ಇಟ್ಟಳು.

"ಆಕಿನ್ನ ಕೊಟ್ಟ ಊರಾಗ ನೀರು ಅದನಾ?" ಎಂದು ಕೇಳಿದಳು.